ಮುದ್ದೇಬಿಹಾಳದಲ್ಲಿ ತೂಕ ಇಳಿದದ್ದು

ಮುದ್ದೇಬಿಹಾಳದ ಹೊಸ ಕಾಲೇಜಿನಲ್ಲಿ ಖಗೋಳಶಾಸ್ತ್ರ ಹುಟ್ಟಿದ್ದು ಒಂದು ಹಲಗೆ ಉದ್ದವಾದ ಕಾರಣದಿಂದ. ಅದರಲ್ಲಿ ಸೂರ್ಯ, ಚಂದ್ರ, ನಕ್ಷತ್ರಗಳ ಕೈವಾಡ ಏನೇನೂ ಇರಲಿಲ್ಲ.

ಕಾಲೇಜು ಶುರುವಾಗಿ ಆಗಿನ್ನೂ ಎರಡನೆಯ ವರ್ಷ. ಊರ ಹೊರಗಿನ ಹಳೆಯ ಹತ್ತಿ ಗೋದಾಮಿಗೆ ಸುಣ್ಣ ಹಚ್ಚಿ, ನಡುನಡುವೆ ತಟ್ಟಿ ಕಟ್ಟಿ, ಒಂದೊಂದು ತಟ್ಟಿಗೂ ಒಂದೊಂದು ವಿಭಾಗ ಎಂದು ಹೆಸರಿಟ್ಟಿದ್ದರು. ಭೌತಶಾಸ್ತ್ರದ ತಟ್ಟಿಗೆ ಮೂವರು ಒಡೆಯರು. ಮುಖ್ಯಸ್ಥರು ಬಸಂತರಾಯರು, ವಯಸ್ಸಾದವರು, ಜಾಣರು, ಕಷ್ಟದ ಕೆಲಸ ಬಂದಾಗಲೆಲ್ಲ ಅವರಿಗೆ ಗಂಟಲು ಕಟ್ಟುತ್ತಿತ್ತು. ಅವರ ಕೈಕೆಳಗೆ ಲೆಕ್ಚರರ್ ಅಮೀನುದ್ದೀನ, ಧಾರವಾಡದಲ್ಲಿ ಎಂ.ಎಸ್ಸಿ. ಮಾಡಿ, ಹೊಸ ಕೋಟು ಹೊಲಿಸಿಕೊಂಡು, ದಪ್ಪ ಚಸ್ಮಾ ಹಾಕಿಕೊಂಡು ಬಂದವನು, ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಮೂರನೆಯವನು ಸಿಪಾಯಿ ಚಮನಸಾಬ. ವಿಭಾಗದ ಉಪಕರಣಗಳನ್ನು ಒರೆಸುವುದು ಅವನ ಕೆಲಸ. ಉಪಕರಣಗಳು ಕಡಿಮೆ ಇದ್ದುದರಿಂದ ಉಳಿದ ವೇಳೆಯಲ್ಲಿ ವಿಭಾಗದ ಸುದ್ದಿಯನ್ನು ಚಹಾದಂಗಡಿಗೆ ಮುಟ್ಟಿಸುತ್ತಿದ್ದ.

ವಿಭಾಗಕ್ಕೊಂದು ಬೋರ್ಡು ಬೇಕೆಂದು ಬಸಂತರಾಯರು ಮುಚ್ಚಿಹೋದ ಕಿರಾಣಿ ಅಂಗಡಿಯೊಂದರ ಹಲಗೆಯನ್ನು ಅಗ್ಗದಲ್ಲಿ ತಂದರು. ಪೇಂಟರ್ ದಪ್ಪ ಅಕ್ಷರದಲ್ಲಿ 'ಭೌತಶಾಸ್ತ್ರ' ಎಂದು ಬರೆದು ಕೆಳಗಿಳಿದು ನೋಡಿದ. ಅರ್ಧ ಹಲಗೆ ಖಾಲಿ.

"ಸರ, ಅರ್ಧಾ ಹಲಗಿ ಬೋಳ ಉಳೀತ್ರಿ," ಎಂದ ಪೇಂಟರ್. "ನೋಡಿದವ್ರು ನಾ ಕೆಲಸಾ ಬಿಟ್ಟ ಓಡಿ ಹೋಗೇನಿ ಅಂತಾರ. ಮತ್ತೇನರ ಶಾಸ್ತ್ರ ಇದ್ರ ಹೇಳ್ರಿ, ಬರದ ಒಗೀತೇನಿ."

ಬಸಂತರಾಯರು ತಲೆ ಕೆರೆದುಕೊಂಡರು. ಆಗ ಅಮೀನುದ್ದೀನ ಕೋಟಿನ ಗುಂಡಿ ಹಾಕಿಕೊಳ್ಳುತ್ತ, "ದೊಡ್ಡ ದೊಡ್ಡ ಊರಾಗ ಭೌತಶಾಸ್ತ್ರದ ಜೋಡಿ ಖಗೋಳಶಾಸ್ತ್ರಾನೂ ಇರ್ತೈತ್ರಿ ಸರ," ಎಂದ.

"ನಿಮಗ ಅದು ಬರತದ?" ಎಂದು ಕೇಳಿದರು ಬಸಂತರಾಯರು.

"ಓದೇನ್ರಿ," ಎಂದ ಅಮೀನುದ್ದೀನ. ಓದಿದ್ದು ನಿಜ. ಪರೀಕ್ಷೆಯಲ್ಲಿ ಖಗೋಳದ ಪ್ರಶ್ನೆ ಬಂದಾಗ ಅದನ್ನು ಬಿಟ್ಟು ಮುಂದಿನ ಪ್ರಶ್ನೆಗೆ ಹೋಗಬೇಕೆಂದು ತಿಳಿಯುವಷ್ಟು ಓದಿದ್ದ.

ಹೀಗೆ ಹಲಗೆ ತುಂಬಿತು. 'ಭೌತಶಾಸ್ತ್ರ ಮತ್ತು ಖಗೋಳಶಾಸ್ತ್ರ ವಿಭಾಗ'. ಊರಿನವರಿಗೆ ಭೌತಶಾಸ್ತ್ರ ಎಂದರೆ ಏನೆಂದು ಗೊತ್ತಿರಲಿಲ್ಲ. ಖಗೋಳ ಎಂದರೆ ಆಕಾಶ ಎಂದು ಗೊತ್ತಿತ್ತು. ತಿಂಗಳೊಪ್ಪತ್ತಿನಲ್ಲಿ ಅಮೀನುದ್ದೀನ 'ಖಗೋಳ ಸರ' ಆದ. ಚಹಾದಂಗಡಿಯಲ್ಲಿ ಅವನಿಗೆ ಬೆಂಚು ಒರೆಸಿ ಕೊಡತೊಡಗಿದರು. ಕೊಲ್ಹಾರದಲ್ಲಿದ್ದ ಅವನ ಅತ್ತೆ ಖಾತುನಬಿ ಹೊಳೆಗೆ ನೀರಿಗೆ ಹೋದಾಗ, "ನಮ್ಮ ಅಳಿಯಾ ಚಂದ್ರನ ಖಾತೇದಾಗ ದೊಡ್ಡ ಸಾಹೇಬ ಅದಾನ," ಎಂದು ಹೆಂಗಸರ ಮುಂದೆ ಹೇಳಿದಳಂತೆ. ಅಮೀನುದ್ದೀನ ಇದನ್ನು ತಿದ್ದಬೇಕಾಗಿತ್ತು. ತಿದ್ದಲಿಲ್ಲ. ಮುಂದೆ ಈ ಕಥೆಯನ್ನು ಅವನೇ ಹೇಳುವಾಗ, "ಒರಸಿದ ಬೆಂಚಿನ ಮ್ಯಾಲ ಕುಂತ ಮನಷ್ಯಾ ಸತ್ಯಾ ಹೇಳೂದು ಭಾಳ ಕಠಿಣ," ಎನ್ನುತ್ತಿದ್ದ.

ಅಷ್ಟರಲ್ಲಿ ಸಾವಿರದ ಒಂಬೈನೂರ ಅರವತ್ತೆರಡು ಬಂತು. ಅದರ ಬೆನ್ನಿಗೇ ಅಷ್ಟಗ್ರಹ ಕೂಟದ ಸುದ್ದಿ ಬಂತು. ಫೆಬ್ರುವರಿಯ ಮೊದಲ ರವಿವಾರ, ಅಮಾವಾಸ್ಯೆಯ ಹೊತ್ತಿಗೆ ಎಂಟು ಗ್ರಹಗಳು ಮಕರ ರಾಶಿಯಲ್ಲಿ ಒಟ್ಟುಗೂಡುತ್ತವೆ, ಪ್ರಳಯವಾಗುತ್ತದೆ ಎಂದು ಪಂಚಾಂಗದವರು ಹೇಳಿದರು. ಊರಲ್ಲಿ ಗುಡಿಗೊಂದು ಹೋಮ ಶುರುವಾಯಿತು. ಸಾಲ ಕೊಟ್ಟವರು ಬೇಗ ವಸೂಲಿಗೆ ನಿಂತರು, ಸಾಲ ಪಡೆದವರು ಪ್ರಳಯದ ದಾರಿ ಕಾಯುತ್ತ ನೆಮ್ಮದಿಯಿಂದ ಕುಳಿತರು.

ಕಾಲೇಜಿನ ಅಧ್ಯಕ್ಷರು ಮಡಿವಾಳಪ್ಪ ಸಾಹುಕಾರರು. ಬಜಾರಿನಲ್ಲಿ ಎಲ್ಲಕ್ಕಿಂತ ದೊಡ್ಡ ಅಡತಿ ಅಂಗಡಿ ಅವರದು. ರೈತರು ತಂದ ಮಾಲು ತೂಗಿಸಿ, ಹರಾಜು ಕೂಗಿಸಿ, ಮಾರಿಸಿ ಕೊಡುವ ವ್ಯಾಪಾರ. ತೊಗರಿ ಬರುವ ದಿನಗಳಲ್ಲಿ ಜನ ಪ್ರಳಯದ ಮಾತಾಡುತ್ತ ಕುಳಿತರೆ ಅಡತಿ ನಡೆಯುವುದಿಲ್ಲ. ಅವರು ಬಸಂತರಾಯರನ್ನು ಕರೆಸಿ, "ನಮ್ಮ ಕಾಲೇಜಿನಾಗ ಖಗೋಳ ಐತಲ್ರಿ, ಹಲಗಿ ಮ್ಯಾಲ ನೋಡೇನಿ. ಸಂತಿ ದಿವಸ ಬಜಾರದಾಗ ಒಂದು ಭಾಷಣಾ ಮಾಡಸ್ರಿ. ಮಂದಿ ಅಂಜಿಕಿ ಬಿಡಬೇಕು," ಎಂದರು.

ಬಸಂತರಾಯರಿಗೆ ಆ ಕ್ಷಣವೇ ಗಂಟಲು ಕಟ್ಟಿತು.

ಭಾಷಣ ಅಮೀನುದ್ದೀನನ ಕೊರಳಿಗೆ ಬಿತ್ತು. ಅವನಿಗೂ ಒಳಗೊಳಗೇ ಖುಷಿಯೇ. ಮನೆಯಲ್ಲಿ ಹೆಂಡತಿ ಮೆಹರಾಜಳ ಮುಂದೆ ನಿಂತು ಕೈ ಬೀಸಿ ಬೀಸಿ ಅಭ್ಯಾಸ ಮಾಡಿದ. ದೊಡ್ಡ ದೊಡ್ಡ ಮುಂದಾಳುಗಳು ಒಂದು ಭಾರದ ಮಾತು ಆಡಿದ ಮೇಲೆ ನಿಂತು, ಒಂದು ಗುಟುಕು ನೀರು ಕುಡಿದು, ಜನ ಉಸಿರು ಬಿಗಿಹಿಡಿಯುವಂತೆ ಮಾಡಿ ಮುಂದಿನ ಮಾತು ಆಡುವುದನ್ನು ಅವನು ಧಾರವಾಡದಲ್ಲಿ ಕಂಡಿದ್ದ. ಆ ನೀರಿನ ಗುಟುಕನ್ನೂ ಅಭ್ಯಾಸ ಮಾಡಿದ.

"ಮಾತು ಮುಗದ ಮ್ಯಾಲ ನೀರ ಕುಡೀರಿ," ಎಂದಳು ಮೆಹರಾಜ ರೊಟ್ಟಿ ಬಡಿಯುತ್ತ. "ನಡುವ ಯಾಕ?"

"ನಿನಗ ತಿಳಿಯೂದಿಲ್ಲ. ಅದಕ ವಕ್ತೃತ್ವ ಅಂತಾರ."

ಸಂತೆಯ ದಿನ ಬಜಾರ ಕಿಕ್ಕಿರಿದಿತ್ತು. ನಾಲತವಾಡ, ತಂಗಡಗಿಯ ಕಡೆಯ ಚಕ್ಕಡಿಗಳೆಲ್ಲ ಬಂದಿದ್ದವು. ಅಮೀನುದ್ದೀನ ಒಂದು ಮೇಜಿನ ಮೇಲೆ ನಿಂತು, ಮೈಕಿನಲ್ಲಿ ಗಂಭೀರವಾಗಿ ಶುರು ಮಾಡಿದ.

"ಬಂಧುಗಳೇ, ಗ್ರಹಗಳು ಅಂದ್ರ ದೆವ್ವ ಅಲ್ಲ. ಅವು ಕಲ್ಲು-ಮಣ್ಣಿನ ಉಂಡಿ. ಭೂಮಿ ನಮ್ಮನ್ನ ಕೆಳಗ ಜಗ್ಗತೈತಿ. ಅದಕ್ಕ ನಮಗ ತೂಕ ಐತಿ. ಹಂಗ ಆ ಗ್ರಹಗಳೂ ನಮ್ಮನ್ನ ಮ್ಯಾಲ ಜಗ್ಗತಾವ. ಎಂಟೂ ಗ್ರಹ ಒಂದ ಕಡಿ ನಿಂತು ಮ್ಯಾಲ ಜಗ್ಗಿದಾಗ, ಬಂಧುಗಳೇ, ಭೂಮಿ ಮ್ಯಾಲಿನ ಪ್ರತಿಯೊಂದು ವಸ್ತುವಿನ ತೂಕ ಕಡಿಮಿ ಆಗತೈತಿ!"

ಇಲ್ಲಿ ಅವನು ನಿಂತ. ಲೋಟ ಎತ್ತಿ ನೀರು ಕುಡಿದ.

ಮುಂದಿನ ವಾಕ್ಯ ಹೀಗಿತ್ತು: 'ಆದರೆ ಎಷ್ಟು ಕಡಿಮೆ? ಒಂದು ಸೊಳ್ಳೆ ನಿಮ್ಮ ಹೆಗಲ ಮೇಲಿಂದ ಹಾರಿಹೋದರೆ ಎಷ್ಟೋ, ಅದರ ಸಾವಿರದಲ್ಲೊಂದು ಪಾಲೂ ಇಲ್ಲ. ಆದ್ದರಿಂದ ನಿಶ್ಚಿಂತೆಯಾಗಿ ಮನೆಗೆ ಹೋಗಿರಿ.' ಅತ್ಯಂತ ಸುಂದರವಾದ ವಾಕ್ಯ. ಆದರೆ ನೀರು ನೆತ್ತಿಗೇರಿತು. ಅಮೀನುದ್ದೀನ ಕೆಮ್ಮಿದ. ಮೈಕು ಆ ಕೆಮ್ಮನ್ನು ಹತ್ತು ಪಟ್ಟು ಮಾಡಿ ಊರಿಗೆಲ್ಲ ಕೇಳಿಸಿತು. ಬಸಂತರಾಯರು ಬೆನ್ನು ಗುದ್ದಿದರು, ಚಮನಸಾಬ ನೆತ್ತಿ ತಟ್ಟಿದ. ಕಣ್ಣೀರು ಒರೆಸಿಕೊಂಡು ಅಮೀನುದ್ದೀನ ತಲೆ ಎತ್ತಿದಾಗ ಬಜಾರ ಖಾಲಿಯಾಗಿತ್ತು. ಅರ್ಧ ವಾಕ್ಯ ಚಕ್ಕಡಿ ಹತ್ತಿ ನಾಲತವಾಡದ ದಾರಿ ಹಿಡಿದಿತ್ತು. ಉಳಿದರ್ಧವನ್ನು ಅವನು ಮೇಜಿನ ಕೆಳಗೆ ಮಲಗಿದ್ದ ಒಂದು ಆಕಳಿಗೂ ಮೈಕಿನವನಿಗೂ ಹೇಳಿ ಮುಗಿಸಿದ.

ಮರುದಿನ ಬಜಾರದಲ್ಲಿ ತಕ್ಕಡಿ ಎದ್ದೇಳಲಿಲ್ಲ.

ನಾಲತವಾಡದ ಚಂದವ್ವ ಎಂಬ ಮುದುಕಿ ಚಕ್ಕಡಿಯ ತುಂಬ ತೊಗರಿ ತಂದವಳು ಚೀಲಗಳ ಮೇಲೆಯೇ ಕುಳಿತುಬಿಟ್ಟಳು. ಗಂಡಸರಿಲ್ಲದ ಮನೆಯ ಒಕ್ಕಲುತನವನ್ನು ಒಬ್ಬಳೇ ಮಾಡಿ, ಬಜಾರದ ಎಲ್ಲ ಮೋಸಗಳನ್ನೂ ಕಂಡವಳು ಅವಳು. "ಗ್ರಹಗೋಳು ಕೂಡಿ ಚದರಿ ಹೋಗೂ ತನಕಾ ನಾ ಮಾಲು ತೂಗಸೂದಿಲ್ಲ," ಎಂದಳು. "ಮೊನ್ನಿ ಸರಕಾರದವ್ರು ಸೇರು ಹೋತು, ಕಿಲೋ ಬಂತು ಅಂದ್ರು. ಅದರಾಗ ಎಷ್ಟ ಹೋತೋ ಇನ್ನೂ ತಿಳಿದಿಲ್ಲ. ಈಗ ಮ್ಯಾಲಿನವ್ರು ಬ್ಯಾರೆ ಜಗ್ಗಾಕತ್ತಾರಂತ!"

ಅವಳನ್ನು ನೋಡಿ ಉಳಿದ ರೈತರೂ ಕುಳಿತರು. ಕೊಳ್ಳುವವರದು ಇನ್ನೊಂದು ಲೆಕ್ಕ. ತೂಕ ಇಳಿದ ದಿನ ಒಂದು ಕಿಲೋದಲ್ಲಿ ಹೆಚ್ಚು ತೊಗರಿ ಬರುತ್ತದಲ್ಲ, ಅಮಾವಾಸ್ಯೆಗೇ ಕೊಳ್ಳೋಣ ಎಂದು ಅವರು ತಡೆದರು. ಹಮಾಲರ ಮುಖಂಡ ಅಮಸಿದ್ದ ತನ್ನ ಜನರನ್ನು ಕರೆದುಕೊಂಡು ಬೇವಿನ ಗಿಡದ ಕೆಳಗೆ ಮಲಗಿದ. "ರವಿವಾರ ಚೀಲ ಹತ್ತಿ ಅರಳಿಯಂಗ ಹಗರ ಆಗತಾವ ಅಂತ ಖಗೋಳ ಸರನ ಹೇಳ್ಯಾರ," ಎಂದ. "ಇಂದ ಹೊತ್ತು ಯಾಕ ನಡಾ ಮುರಕೊಳ್ಳೂಣು? ರವಿವಾರ ಒಂದೊಂದು ಕೈಯಾಗ ಎರಡೆರಡು ಎತ್ತತೇವಿ." ಬಂಗಾರದಂಗಡಿಯ ಮುಂದೆ ಮಾತ್ರ ಗದ್ದಲವೋ ಗದ್ದಲ. ಅಮಾವಾಸ್ಯೆಯ ದಿನ ತೊಲೆ ತೂಗಿ ಕೊಡಬೇಕೆಂದು ಮದುವೆ ಮನೆಯವರು ಮುಂಗಡವಾಗಿಯೇ ಪಾಳಿ ಹಚ್ಚಿದ್ದರು.

ಮಡಿವಾಳಪ್ಪ ಸಾಹುಕಾರರು ಅಮೀನುದ್ದೀನನನ್ನು ಕರೆಸಿದರು. ಗಾದಿಯ ಮೇಲೆ ಕುಳಿತ ಅವರ ಮೈ ಎರಡು ಗಾದಿಯಷ್ಟಿತ್ತು.

"ಅಂಜಿಕಿ ಬಿಡಸ್ರಿ ಅಂದ್ರ ಬಜಾರನ ಬಿಡಿಸಿದ್ರಲ್ರಿ ಮಾಸ್ತರ!" ಎಂದರು. "ಪ್ರಳಯ ಆಗತೈತಿ ಅಂದಾಗೂ ಮಂದಿ ತೊಗರಿ ಮಾರತಿದ್ರು. ನೀವು ಬಂದು ಏನೂ ಆಗೂದಿಲ್ಲ ಅಂದ ಮ್ಯಾಲ ಯಾವನೂ ಮಾರವಲ್ಲ!"

"ಸಾಹುಕಾರ್ರ, ನನ್ನ ವಾಕ್ಯ ಅರ್ಧಾ..."

"ನಿಮ್ಮ ವಾಕ್ಯ ಅರ್ಧಾ ಆದ್ರ ನನ್ನ ಅಡತಿ ಪೂರಾ ಆತು. ನಿಮ್ಮನ್ನ ಕಾಯಂ ಮಾಡೂ ಕಾಗದ ನನ್ನ ಮುಂದ ಐತಿ. ಬಜಾರ ತೆರೀಲಿಲ್ಲ ಅಂದ್ರ ನೀವು ಕೊಲ್ಹಾರಕ್ಕ ಹೋಗಿ ಮೀನ ಹಿಡೀರಿ."

ಅಮೀನುದ್ದೀನನಿಗೆ ಅಲ್ಲಿಯೇ, ಸಾಹುಕಾರರ ಅಂಗಡಿಯ ದೊಡ್ಡ ತಕ್ಕಡಿ ನೋಡುತ್ತ, ಮಿಂಚು ಹೊಡೆದಂತೆ ಭೌತಶಾಸ್ತ್ರ ನೆನಪಾಯಿತು. ತಕ್ಕಡಿಯಲ್ಲಿ ಒಂದು ಕಡೆ ಮಾಲು, ಇನ್ನೊಂದು ಕಡೆ ತೂಕದ ಕಲ್ಲು. ಮೇಲಿನಿಂದ ಯಾರು ಎಷ್ಟೇ ಜಗ್ಗಿದರೂ ಎರಡೂ ಕಡೆ ಸರಿಯಾಗಿಯೇ ಜಗ್ಗುತ್ತಾರೆ. ತಕ್ಕಡಿಗೆ ಗ್ರಹಗಳ ಹಂಗೇ ಇಲ್ಲ! ಈ ಮಾತು ಭಾಷಣಕ್ಕಿಂತ ಮೊದಲೇ ಹೊಳೆದಿದ್ದರೆ ಎಂದು ಹಲುಬುತ್ತ, ಅವನು ನೇರವಾಗಿ ಚಂದವ್ವನ ಚಕ್ಕಡಿಗೆ ಓಡಿದ.

"ಯವ್ವಾ, ಕೇಳಿಲ್ಲೆ. ನಿನ್ನ ತೊಗರಿ ಎಷ್ಟ ಹಗರ ಆಗತೈತೋ, ಆಚಿ ಕಡಿ ತೂಕದ ಕಲ್ಲೂ ಅಷ್ಟ ಹಗರ ಆಗತೈತಿ. ಅದಕ ಲುಕ್ಸಾನ ಇಲ್ಲ."

ಚಂದವ್ವ ಎಲೆ-ಅಡಿಕೆ ಅಗಿಯುವುದನ್ನು ನಿಲ್ಲಿಸಿದಳು. "ಅಂದ್ರ ಕಲ್ಲೂ ಹಗರ?"

"ಹೌದು."

"ಕೇಳಿದ್ರೇನ್ರೆಪಾ!" ಎಂದು ಅವಳು ಎದ್ದು ನಿಂತು ಕೂಗಿದಳು. "ಇಷ್ಟ ದಿನಾ ಸಾಹುಕಾರ್ರ ಕಲ್ಲು ಖೋಟಿ ಅಂತ ನಾ ಬಡಕೊಂಡೆ, ಯಾರೂ ಕೇಳಲಿಲ್ಲ. ಈಗ ಕಾಲೇಜಿನ ಸರನ ಒಪ್ಪಿಕೊಂಡ್ರು!"

ಸಂಜೆಯೊಳಗೆ ಅಡತಿಯ ಕಲ್ಲುಗಳೆಲ್ಲ ಖೋಟಿ ಎಂದು ಖಗೋಳಶಾಸ್ತ್ರ ಸಿದ್ಧ ಮಾಡಿದೆ ಎಂಬ ಸುದ್ದಿ ಬಸವನ ಬಾಗೇವಾಡಿ ಮುಟ್ಟಿತು.

ಅಮೀನುದ್ದೀನ ಸೈಕಲ್ ಹತ್ತಿದ. ಅರ್ಧ ವಾಕ್ಯ ಹೋದ ಹಾದಿಯಲ್ಲೇ ಇನ್ನರ್ಧವನ್ನು ಅಟ್ಟಿಸಿಕೊಂಡು ಹೊರಟ. ಬೆಳಿಗ್ಗೆ ನಾಲತವಾಡ, ಮಧ್ಯಾಹ್ನ ತಂಗಡಗಿ, ಮರುದಿನ ಮತ್ತೆ ನಾಲತವಾಡ. ಎರೆಮಣ್ಣಿನ ಹಾದಿ, ಹಿಂದಕ್ಕೆ ತಳ್ಳುವ ಗಾಳಿ. ಹೋದಲ್ಲೆಲ್ಲ ಕಟ್ಟೆಯ ಮೇಲೆ ನಿಂತು ಸೊಳ್ಳೆಯ ಉಪಮೆ ಹೇಳಿದ. ಒಂದು ಊರಲ್ಲಿ, "ಸರ, ಗ್ರಹಗೋಳು ಕೂಡಿದ್ರ ಸೊಳ್ಳಿ ಭಾಳ ಆಗತಾವ ಅಂದಂಗಾತು," ಎಂದರು. ಇನ್ನೊಂದು ಊರಲ್ಲಿ, "ಇಷ್ಟ ಬಿಸಲಾಗ ಓಡಾಡಿ ಏನೂ ಇಲ್ಲ, ಏನೂ ಇಲ್ಲ ಅನ್ನಾಕತ್ತಾರಂದ್ರ ಏನೋ ಭಾರಿನ ಐತಿ," ಎಂದು ಹಿರಿಯರು ತಲೆಯಾಡಿಸಿದರು. ಅವನು ಹೋಗಿಬಂದ ಊರುಗಳಲ್ಲಿ ಜನ ಮನೆ ಹಾರಿಹೋದೀತೆಂಬ ಗಾಬರಿಯಿಂದ ಮಾಳಿಗೆಯ ಮೇಲೆ ಕಲ್ಲು ಹೇರತೊಡಗಿದರು. ಹೋಗದೆ ಬಿಟ್ಟ ಊರುಗಳು ತಕ್ಕಮಟ್ಟಿಗೆ ಶಾಂತವಾಗಿದ್ದವು.

ಮನೆಗೆ ಬಂದರೂ ಊಟ ಮುಟ್ಟುತ್ತಿರಲಿಲ್ಲ. "ಎರಡ ತುತ್ತರ ತಿನ್ರಿ," ಎಂದು ಮೆಹರಾಜ ತಟ್ಟೆ ಮುಂದಿಡುತ್ತಿದ್ದಳು. "ಗ್ರಹಗೋಳು ನಮ್ಮ ಮನಿ ರೊಟ್ಟಿ ಬ್ಯಾಡ ಅಂದಾವೇನು?"

"ಕಾಯಂ ಆಗಲಿಲ್ಲ ಅಂದ್ರ ಮುಂದ ರೊಟ್ಟಿನ ಇಲ್ಲ," ಎನ್ನುತ್ತಿದ್ದ ಅಮೀನುದ್ದೀನ. ಆ ಚಿಂತೆಯಲ್ಲಿ ಇದ್ದ ರೊಟ್ಟಿಯನ್ನೂ ಬಿಡುತ್ತಿದ್ದ. ಅವನ ತರ್ಕಶಕ್ತಿ ಆ ವಾರ ಹೀಗೇ ನಡೆದಿತ್ತು.

ಕೊನೆಗೆ ದಾರಿ ತೋರಿದವರು ಬಸಂತರಾಯರು. ಇನ್ನೊಬ್ಬರು ಮಾಡಬೇಕಾದ ಕೆಲಸದಲ್ಲಿ ಅವರಿಗೆ ಯಾವಾಗಲೂ ಒಳ್ಳೆಯ ವಿಚಾರ ಹೊಳೆಯುತ್ತಿತ್ತು.

"ಮಾತು ಸಾಕು. ಪ್ರಯೋಗ ಮಾಡೋಣು," ಎಂದರು. "ಹತ್ತಿ ಗಿರಣಿಯೊಳಗ ಪೌಂಡಿನ ಲೆಕ್ಕದ ಹಳೇ ಸ್ಪ್ರಿಂಗಿನ ಕಾಟಾ ಅದ. ಅದಕ್ಕ ಕಲ್ಲು ಬೇಕಿಲ್ಲ. ಕೊಂಡಿಗೆ ಹಾಕಿದ್ರ ಮುಳ್ಳು ತಿರಗಿ ತೂಕ ತೋರಸ್ತದ. ಬಜಾರದ ನಡುವ ತೂಗ ಹಾಕೋಣು. ಇವತ್ತೊಂದು ಸಲ ತೂಗಿ, ಅಮಾವಾಸ್ಯಾ ದಿನ ಅದನ್ನ ಮತ್ತ ತೂಗಿ ತೋರಸೋಣು. ಮುಳ್ಳು ಅಲ್ಲೇ ನಿಂತ್ರ ಮಂದಿ ಬಾಯಿ ಮುಚ್ಚತದ."

ಇದು ನಿಜವಾಗಿಯೂ ಒಳ್ಳೆಯ ಉಪಾಯ. ಅಮೀನುದ್ದೀನನಿಗೆ ಹೋದ ಜೀವ ಬಂದಂತಾಯಿತು. ಬೇವಿನ ಗಿಡದ ದಪ್ಪ ಟೊಂಗೆಗೆ ಕಾಟಾ ಕಟ್ಟಿಸಿದ. ತೂಗಲಿಕ್ಕೆ ಒಂದು ಒಳ್ಳೆಯ ಗುಂಡುಕಲ್ಲನ್ನೂ ತರಿಸಿದ. ಜನ ನೆರೆದರು. ಕಲ್ಲು ನೋಡಿ ಗುಜುಗುಜು ಎದ್ದಿತು.

"ಕಲ್ಲ ಯಾಕ್ರಿ ಸರ?" ಎಂದ ಹಮಾಲ ಅಮಸಿದ್ದ. "ಗ್ರಹ ಕಾಡೂದು ಮನಷ್ಯಾರನ್ನ. ಕಲ್ಲಿಗೆ ಏನು ಗ್ರಹಚಾರ ಇರತೈತಿ?"

ಜನರೆಲ್ಲ ಹೌದೆಂದರು. ಕಲ್ಲಿಗೆ ಜಾತಕ ಉಂಟೇ? ಜನ್ಮನಕ್ಷತ್ರ ಉಂಟೇ? ಮನುಷ್ಯರನ್ನೇ ತೂಗಬೇಕು. ಯಾರನ್ನು? "ಹೇಳಿದವರನ್ನ ತೂಗ್ರಿ," ಎಂದಳು ಚಂದವ್ವ. ಒಬ್ಬನೇ ಆದರೆ ಮೋಸ ಮಾಡಬಹುದು, ಇನ್ನೊಬ್ಬರು ಬೇಕು ಎಂದಾಗ, ತಮ್ಮ ಬಜಾರದ ಮಾನ ಕಾಯಲು ಮಡಿವಾಳಪ್ಪ ಸಾಹುಕಾರರೇ ಮುಂದೆ ಬಂದರು. ಗೋಣಿಪಟ್ಟಿಯ ಜೋಳಿಗೆ ಮಾಡಿ, ಮೊದಲು ಅಮೀನುದ್ದೀನನನ್ನು ಅದರಲ್ಲಿ ಕೂರಿಸಿ ಕೊಂಡಿಗೆ ಸಿಕ್ಕಿಸಿದರು. ಎಂ.ಎಸ್ಸಿ. ಪದವೀಧರ ಕಾಲು ಇಳಿಬಿಟ್ಟು, ಹತ್ತಿಯ ಮೂಟೆಯಂತೆ ಗಾಳಿಯಲ್ಲಿ ಮೆಲ್ಲಗೆ ತಿರುಗಿದ. ಆಮೇಲೆ ಆರು ಮಂದಿ ಹಮಾಲರು ಕೂಡಿ ಸಾಹುಕಾರರನ್ನು ತೂಗಿದರು. ಟೊಂಗೆ ನರಳಿತು. ಮುಳ್ಳು ನಿಂತ ಜಾಗಕ್ಕೆ ಇಬ್ಬರದೂ ಗುರುತು ಹಾಕಿ ಎಲ್ಲರಿಗೂ ತೋರಿಸಿದರು.

ಮುಂದೆ ಅಮಾವಾಸ್ಯೆಯವರೆಗೆ ಅಮೀನುದ್ದೀನ ಸುಮ್ಮನಿದ್ದಿದ್ದರೆ ಸಾಕಾಗಿತ್ತು. ಆದರೆ ಅವನು ಸೈಕಲ್ ಬಿಡಲಿಲ್ಲ, ರವಿವಾರ ಬಂದು ನೋಡಿರೆಂದು ಊರೂರಿಗೆ ಹೇಳಿಬಂದ. ತಿನ್ನುವುದು ಮೊದಲೇ ಇರಲಿಲ್ಲ. ಅತ್ತ ಸಾಹುಕಾರರು, ಯಾವುದಕ್ಕೂ ಇರಲಿ ಎಂದು, ಗ್ರಹಶಾಂತಿಗೆ ಒಂದೊಂದು ಗುಡಿಯಲ್ಲೂ ಹೋಮ ಮಾಡಿಸುತ್ತಿದ್ದರು. ಹೋಮ ಮಾಡಿಸಿದ ಯಜಮಾನ ಪಂಕ್ತಿಯಲ್ಲಿ ಕುಳಿತು ಹೋಳಿಗೆ ತುಪ್ಪ ಉಣ್ಣದಿದ್ದರೆ ಗ್ರಹಗಳಿಗೆ ಸಿಟ್ಟು ಬರುತ್ತದೆಂದು ಯಾರೋ ಹೇಳಿದ್ದರು. ಸಾಹುಕಾರರು ಒಂದು ಗ್ರಹಕ್ಕೂ ಸಿಟ್ಟು ಬರಗೊಡಲಿಲ್ಲ.

ಅಮಾವಾಸ್ಯೆಯ ರವಿವಾರ ಮಧ್ಯಾಹ್ನ ಬಜಾರದಲ್ಲಿ ಕಾಲಿಡಲು ಜಾಗವಿರಲಿಲ್ಲ. ಸಿಂದಗಿ, ಇಂಡಿಯ ಕಡೆಯಿಂದಲೂ ಜನ ಬಂದಿದ್ದರು. ಪ್ರಳಯವಾದರೂ ಸರಿ, ಕಾಲೇಜಿನ ಸರನ್ನು ತೂಗುವುದನ್ನು ನೋಡಿಯೇ ಸಾಯೋಣ ಎಂಬ ಉತ್ಸಾಹ. ಬಸಂತರಾಯರು ಕೊರಳಿಗೆ ಮಫ್ಲರು ಸುತ್ತಿಕೊಂಡು ದೂರ ನಿಂತಿದ್ದರು. ಚಮನಸಾಬ ಮುಳ್ಳು ನೋಡಿ ಕೂಗಿ ಹೇಳಲು ಏಣಿ ಹತ್ತಿದ.

ಅಮೀನುದ್ದೀನ ಜೋಳಿಗೆಯಲ್ಲಿ ಕುಳಿತ. ಹಮಾಲರು ಎತ್ತಿ ಸಿಕ್ಕಿಸಿದರು. ಜೋಳಿಗೆ ಒಂದು ಸುತ್ತು ತಿರುಗಿ ನಿಂತಿತು. ಬಜಾರ ಉಸಿರು ಬಿಗಿಹಿಡಿಯಿತು. ಭಾಷಣದ ದಿನ ಅವನು ಬಯಸಿದ್ದ ಆ ಮೌನ ಈಗ ಪುಕ್ಕಟೆಯಾಗಿ ಸಿಕ್ಕಿತ್ತು.

"ಐದು ಪೌಂಡು ಇಳದೈತಿ!" ಎಂದು ಚಮನಸಾಬ ಕೂಗಿದ.

ಗದ್ದಲ ಎದ್ದಿತು. ಹೆಂಗಸರು ಮಕ್ಕಳನ್ನು ಅವಚಿಕೊಂಡರು. ಒಬ್ಬ ತನ್ನ ಆಡಿನ ಹಗ್ಗವನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡ. ಬಂಗಾರದಂಗಡಿಯ ಕಡೆ ಜನ ಓಡಿದರು.

"ಅಲ್ಲ! ಅಲ್ಲ!" ಎಂದು ಅಮೀನುದ್ದೀನ ಜೋಳಿಗೆಯಲ್ಲೇ ಕೈಕಾಲು ಬಡಿದ. ಬಡಿದಷ್ಟೂ ಗಿರಗಿರನೆ ತಿರುಗಿದ. ಮುಖ ಜನರ ಕಡೆ ಬಂದಾಗ ಮಾತ್ರ ಅವನ ಮಾತು ಕೇಳುತ್ತಿತ್ತು. "ನಾನು ಊಟಾ... ಮಾಡಿಲ್ಲ... ಹಸದೇನಿ... ಸೈಕಲ್..."

"ಪಾಪ," ಎಂದಿತು ಗುಂಪು. "ಗ್ರಹಗೋಳು ಹೊಟ್ಟಿಯೊಳಗಿನ ಕೂಳೂ ಜಗ್ಗಿಕೊಂಡಾವು!"

ಅವನಿಗೆ ಅಳು ಬಂತು. ಆದರೆ ತಿರುಗುತ್ತಿರುವ ಮನುಷ್ಯ ಅತ್ತರೆ ಯಾರಿಗೂ ಮರುಕ ಬರುವುದಿಲ್ಲ ಎಂದೂ ತಿಳಿದಿತ್ತು. ನೌಕರಿ ಹೋಯಿತು. ಕೊಲ್ಹಾರದಲ್ಲಿ ಬಲೆ ಬೀಸಲು ಯಾರ ಹತ್ತಿರ ಕಲಿಯಬೇಕು ಎಂದು ಅವನು ತಿರುಗುತ್ತಲೇ ಯೋಚಿಸಿದ. ಇಳಿಸಿದ ಮೇಲೆ ಎರಡು ಹೆಜ್ಜೆ ಇಟ್ಟು, ಮೂರನೆಯದಕ್ಕೆ ಬಸಂತರಾಯರ ಮೇಲೆ ಬಿದ್ದ.

"ತಡೀರಿ!" ಎಂದು ಗುಡುಗಿದರು ಮಡಿವಾಳಪ್ಪ ಸಾಹುಕಾರರು. "ನನ್ನನ್ನ ತೂಗ್ರಿ. ಒಬ್ಬ ಮಾಸ್ತರ ಇಳದ್ರ ಬಜಾರ ಇಳೀತೇನು?"

ಹಮಾಲರು ಧೋತರದ ಕಚ್ಚೆ ಬಿಗಿದು ಸಾಹುಕಾರರನ್ನು ಎತ್ತಿದರು. ಟೊಂಗೆ ಈ ಸಲ ನರಳಲಿಲ್ಲ, ಚೀರಿತು. ಚಮನಸಾಬ ಮುಳ್ಳನ್ನು ನೋಡಿದ, ಕಣ್ಣು ಒರೆಸಿಕೊಂಡ, ಮತ್ತೆ ನೋಡಿದ. ಕೆಳಗೆ ಬಸಂತರಾಯರ ಕಡೆ ತಿರುಗಿ, "ಸರ, ಹೇಳಲ್ಯೋ ಬ್ಯಾಡ್ರ್ಯೋ?" ಎಂದ.

"ಹೇಳೋ!" ಎಂದಿತು ಬಜಾರ.

"ಸಾಹುಕಾರ್ರದು ಐದು ಪೌಂಡು ಏರೈತಿ!"

ಜನ ಗೊಂದಲಕ್ಕೆ ಬಿದ್ದರು. ಅದೇ ಆಕಾಶ, ಅದೇ ಅಮಾವಾಸ್ಯೆ, ಅದೇ ಕಾಟಾ. ಒಬ್ಬರದು ಇಳಿದಿದೆ, ಒಬ್ಬರದು ಏರಿದೆ. ಖಗೋಳಶಾಸ್ತ್ರ ಹೇಳದ್ದು, ಪಂಚಾಂಗವೂ ಹೇಳದ್ದು. ಎಲ್ಲರೂ ಯಾರಾದರೂ ಏನಾದರೂ ಹೇಳಲಿ ಎಂದು ಒಬ್ಬರ ಮುಖ ಒಬ್ಬರು ನೋಡಿದರು.

ಕಾಟಾದ ಬುಡದಲ್ಲೇ ಇಳಿಸಿದ್ದ ತನ್ನ ಚೀಲಗಳ ಮೇಲೆ ನಿಂತು ನೋಡುತ್ತಿದ್ದ ಚಂದವ್ವ ಎಲೆ-ಅಡಿಕೆ ಉಗಿದು ಬಾಯಿ ತೆರೆದಳು.

"ಇದರಾಗ ತಿಳೀಲಾರದ್ದು ಏನೈತ್ರೆಪಾ? ಮಾಸ್ತರಂದು ಐದು ಹೋತು, ಸಾಹುಕಾರಗ ಐದು ಬಂತು. ಇಲ್ಲಿ ಇಳದದ್ದು ಅಲ್ಲಿ ಏರೈತಿ. ಬಜಾರದಾಗ ವರ್ಷಾ ವರ್ಷಾ ಆಗೂದು ಇದ ಅಲ್ಲೇನು? ಇದಕ ಎಂಟು ಗ್ರಹ ಕೂಡಬೇಕೇನು?"

ಬೇವಿನ ಗಿಡದ ಬುಡದಿಂದ ಅಮಸಿದ್ದನ ನಗು ಸಿಡಿಯಿತು. ಅದು ಹಮಾಲರಿಗೆ ಹತ್ತಿ, ಚಕ್ಕಡಿಯವರಿಗೆ ಹತ್ತಿ, ಮಾಳಿಗೆಯ ಮೇಲಿನ ಹೆಂಗಸರವರೆಗೆ ಹೋಯಿತು. ದಿನಗಟ್ಟಲೆ ಅಂಜಿಕೊಂಡು ಕುಳಿತ ಊರು, ಅಂಜಿಕೆಯನ್ನೆಲ್ಲ ಒಮ್ಮೆಲೇ ಹೊರಗೆ ಹಾಕಿದಂತೆ ನಕ್ಕಿತು.

"ಹಳೇ ಗ್ರಹಚಾರ ಅಂದ್ರ ನಮಗ ರೂಢಿ ಐತಿ," ಎಂದಳು ಚಂದವ್ವ ಚೀಲದ ಮೇಲಿಂದ ಇಳಿಯುತ್ತ. "ನಾಳೆ ನನ್ನ ತೊಗರಿ ಮೊದಲ ತೂಗ್ರಿ."

ಸಾಹುಕಾರರು ಇನ್ನೂ ಜೋಳಿಗೆಯಲ್ಲೇ ತೂಗಾಡುತ್ತಿದ್ದರು. ನಗುತ್ತಿದ್ದ ಹಮಾಲರಿಗೆ ಅವರನ್ನು ಇಳಿಸುವ ಶಕ್ತಿ ಉಳಿದಿರಲಿಲ್ಲ. ಅವರ ಮುಖ ಮೊದಲು ಕೆಂಪಗಾಯಿತು, ಆಮೇಲೆ ಕಪ್ಪಗಾಯಿತು. ಅಷ್ಟರಲ್ಲಿ 'ನಾಳೆ ತೂಗ್ರಿ' ಎಂಬ ಮಾತು ಕಿವಿಗೆ ಬಿತ್ತು. ಅವರು ವ್ಯಾಪಾರಸ್ಥರು. ಮಾನ ಮತ್ತು ತೊಗರಿ ಎರಡನ್ನೂ ಮನಸ್ಸಿನಲ್ಲೇ ತೂಗಿ ನೋಡಿ, ತಾವೂ ಹೊಟ್ಟೆ ಕುಣಿಸಿ ನಕ್ಕರು. ಟೊಂಗೆ ಮುರಿಯಿತು.

ಪುಣ್ಯಕ್ಕೆ ಕೆಳಗೆ ಚಂದವ್ವನ ಚೀಲಗಳಿದ್ದವು. ಅಲ್ಲೇ ಒರಗಿ ಕುಳಿತು ಸಾಹುಕಾರರು ಅಮೀನುದ್ದೀನನನ್ನು ಕರೆದರು.

"ಮಾಸ್ತರ, ನೀವು ಏನ ಶಾಸ್ತ್ರ ಹೇಳಿದ್ರ್ಯೋ ಆ ದೇವರಿಗೇ ಗೊತ್ತು. ಬಜಾರಂತೂ ತೆರೀತು. ನಿಮ್ಮ ಕಾಗದಕ್ಕ ನಾಳೆ ಸಹಿ ಹಾಕತೇನಿ. ಆದ್ರ ಒಂದು ಕರಾರು. ಇನ್ನ ಮ್ಯಾಲ ಕ್ಲಾಸಿನ ಹೊರಗ ಯಾರಿಗೂ ಏನೂ ತಿಳಿಸಿ ಹೇಳಬ್ಯಾಡ್ರಿ."

ಬಸಂತರಾಯರ ಗಂಟಲು ಆಗ ಬಿಟ್ಟಿತು. "ಪ್ರಯೋಗ ಯಶಸ್ವಿ ಆತು ನೋಡ್ರಿ," ಎಂದು ಸಾಹುಕಾರರ ಕೈ ಕುಲುಕಿದರು.

ಪ್ರಳಯ ಆಗಲಿಲ್ಲ. ಸೋಮವಾರ ತಕ್ಕಡಿ ಎದ್ದವು. ಹಮಾಲರು ಮೊದಲಿನ ಭಾರವನ್ನೇ ಹೊತ್ತರು. ಅಮೀನುದ್ದೀನ ಮೆಹರಾಜ ಬಡಿದಿಟ್ಟ ರೊಟ್ಟಿಗಳನ್ನೆಲ್ಲ ತಿಂದು, ಹಾಸಿಗೆಯಲ್ಲಿ ಬಿದ್ದು, ಮಂಗಳವಾರ ಮಧ್ಯಾಹ್ನ ಎದ್ದ.

ಆ ಸಂಜೆ ರಮಜಾನದ ಚಂದ್ರ ಕಾಣಬೇಕಿತ್ತು. ಓಣಿಯವರೆಲ್ಲ ಮಾಳಿಗೆ ಹತ್ತಿ ಪಡುವಣದ ಕಡೆ ಕಣ್ಣು ನೆಟ್ಟಿದ್ದರು. ಅಮೀನುದ್ದೀನನೂ ಹತ್ತಿ ನಿಂತ. ಅವನ ಚಸ್ಮಾ ರವಿವಾರ ಜೋಳಿಗೆಯ ಹಗ್ಗಕ್ಕೆ ಸಿಕ್ಕು ಮುರಿದಿತ್ತು. ಬರಿಗಣ್ಣಿಗೆ ಆಕಾಶವೆಂದರೆ ಕೆಂಪು ಮಬ್ಬು, ಅಷ್ಟೆ.

ಪಕ್ಕದ ಮಾಳಿಗೆಯಿಂದ ಮುದುಕಿ ರೋಷನಬಿ ಕೇಳಿದಳು. ಅವಳಿಗೆ ಕಿವಿ ಮಂದ. "ಖಗೋಳ ಸರ, ಚಂದ್ರ ಕಾಣಸ್ತಾನೇನ್ರಿ?"

ಹಿಂದಿನ ಅಮೀನುದ್ದೀನನಾಗಿದ್ದರೆ ಎಲ್ಲಾದರೂ ಒಂದು ಕಡೆ ಬೆರಳು ಮಾಡಿಬಿಡುತ್ತಿದ್ದ. ಈಗ ಅವನು ಇದ್ದದ್ದನ್ನು ಇದ್ದಂತೆ ಹೇಳುವವನಾಗಿದ್ದ.

"ನನಗ ಏನೂ ಕಾಣವಲ್ದವ್ವಾ," ಎಂದ.

"ಚಂದ್ರ ಇಲ್ಲಂತ!" ಎಂದು ರೋಷನಬಿ ಆಚೆಯ ಮಾಳಿಗೆಗೆ ಹೇಳಿದಳು.

"ಈ ತಿಂಗಳ ಚಂದ್ರನ ಇಲ್ಲಂತ, ಖಗೋಳ ಸರ ಅಂದ್ರು," ಎಂದಿತು ಅದರಾಚೆಯ ಮಾಳಿಗೆ.

ಓಣಿಯ ತುದಿಯಿಂದ ಯಾರೋ ಕೂಗಿದರು, "ಗ್ರಹಗೋಳು ಚಂದ್ರನ್ನ ನುಂಗ್ಯಾವಂತೋ!"

ಕೆಳಗೆ ಬಾಗಿಲುಗಳು ತೆರೆದುಕೊಂಡವು. ಅಮೀನುದ್ದೀನ ಬಾಯಿ ತೆರೆದ, ಸಾಹುಕಾರರ ಕರಾರು ನೆನೆದು ಮುಚ್ಚಿದ, ಮತ್ತೆ ತೆರೆದ. ಅಷ್ಟರಲ್ಲಿ, ಮದುವೆಯಾದಂದಿನಿಂದ ಹೊಸ್ತಿಲ ಹೊರಗೆ ದನಿ ಎತ್ತದ ಮೆಹರಾಜ ಸೆರಗು ಬಿಗಿದು ಮಾಳಿಗೆಯ ಕಟ್ಟೆಯ ಮೇಲೆ ಹತ್ತಿ ನಿಂತಳು. ನಾಲ್ಕು ಓಣಿಗೆ ಕೇಳುವಂತೆ ಕೂಗಿದಳು.

"ಚಂದ್ರ ಐತ್ರೆವ್ವಾ! ಚಂದ್ರಗ ಏನೂ ಆಗಿಲ್ಲ! ನಮ್ಮನಿಯವರ ಚಸ್ಮಾ ಮುರದೈತಿ!"

ಮಾಳಿಗೆಯಿಂದ ಮಾಳಿಗೆಗೆ ನಗು ಹರಿಯಿತು. ಅದರ ಬೆನ್ನಿಗೇ, "ಅಗಾ, ಅಲ್ಲಿ!" ಎಂದು ಎಲ್ಲ ಕಡೆಯಿಂದಲೂ ದನಿ ಎದ್ದಿತು. ಜನ ಕೈ ಎತ್ತಿ ದುವಾ ಬೇಡತೊಡಗಿದರು. ಅಮೀನುದ್ದೀನನೂ ಭಕ್ತಿಯಿಂದ ಎರಡೂ ಕೈ ಎತ್ತಿ, ಕಣ್ಣು ಮುಚ್ಚಿ, ಆಕಾಶಕ್ಕೆ ಮುಖ ಮಾಡಿ ನಿಂತ.

ಮೆಹರಾಜ ಹಿಂದಿನಿಂದ ಬಂದು ಅವನ ಎರಡೂ ಭುಜ ಹಿಡಿದು, ಮೆಲ್ಲಗೆ, ಯಾರಿಗೂ ಕಾಣದಂತೆ, ಚಂದ್ರನಿದ್ದ ಕಡೆಗೆ ತಿರುಗಿಸಿದಳು.